ಅಥ್ಲೆಟಿಕ್ಸ್ ನೋಡೋಕೆ ಬುಡಾಪೆಸ್ಟ್: ಊರಿಗೆ ಐದಕ್ಕೆ ನಾಲ್ಕೂವರೆ

ದೊಡ್ಡ ಕ್ರೀಡಾಕೂಟ ನೋಡೋಕೆ ಬೇರೆ ದೇಶಕ್ಕೆ ಹೊರಡುವವರು ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಬೇಕು. ರಾತ್ರಿ ಕೊನೆಯ ರಿಲೇ ಮುಗಿದ ಮೇಲೆ ರೂಮಿಗೆ ವಾಪಸ್ ಹೋಗುವುದು ಹೇಗೆ? ಟಿವಿಯಲ್ಲಿ ನೋಡುವವರಿಗೆ ಎಲ್ಲ ಸ್ಟೇಡಿಯಂ ಒಂದೇ ಥರ ಕಾಣುತ್ತದೆ. ಹೋಗಿ ನೋಡುವವರಿಗೆ ಮಾತ್ರ ಊರು ಮುಖ್ಯ. 2023ರ ಆಗಸ್ಟ್ 19ರಿಂದ 27ರವರೆಗೆ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಸಿದ ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದ ಊರು. 2026ರ ಸೆಪ್ಟೆಂಬರ್ 11ರಿಂದ 13ರವರೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಹೊಸ ಅಲ್ಟಿಮೇಟ್ ಚಾಂಪಿಯನ್‌ಷಿಪ್ ಕೂಡ ಇದೇ ಊರಿಗೆ ಸಿಕ್ಕಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗವಾಗಲಿ.

ಸ್ಟೇಡಿಯಂನಿಂದಲೇ ಶುರು ಮಾಡ್ತೀನಿ. ಹೆಸರು ನ್ಯಾಷನಲ್ ಅಥ್ಲೆಟಿಕ್ಸ್ ಸೆಂಟರ್. ಊರಿನ ನದಿಯ ಒಂದು ದಡ ಬುಡಾ, ಇನ್ನೊಂದು ಪೆಸ್ಟ್; ಇದು ಪೆಸ್ಟ್ ಕಡೆಯ ದಡದಲ್ಲಿ, ಊರಿನ ದಕ್ಷಿಣಕ್ಕೆ, ರಾಕೋಟ್ಸಿ ಸೇತುವೆಯಿಂದ ಸ್ವಲ್ಪ ಕೆಳಗೆ ಇದೆ. ಪಕ್ಕದಲ್ಲೇ ಡ್ಯಾನ್ಯೂಬ್ ನದಿ. ಕೂಟದ ಹೊತ್ತಿಗೆ ಸುಮಾರು 35,000 ಜನ ಕೂರುವ ಜಾಗ ಇತ್ತು. ಮುಗಿದ ಮೇಲೆ ಮೇಲಿನ ಸ್ಟ್ಯಾಂಡ್ ತೆಗೆದು 15,000ಕ್ಕೆ ಇಳಿಸಬೇಕು, ಮೇಲೆ ಸುತ್ತಲೂ ಊರಿನ ಜನ ಬಂದು ಓಡಾಡುವ ಜಾಗ ಮಾಡಬೇಕು ಅನ್ನುವ ಲೆಕ್ಕದಲ್ಲೇ ಕಟ್ಟಿದ್ದು. ಈ ಯೋಚನೆ ನನಗೆ ತುಂಬಾ ಇಷ್ಟವಾಯಿತು. ಎಷ್ಟೋ ಊರುಗಳಲ್ಲಿ ಒಂಬತ್ತು ದಿನದ ಜಾತ್ರೆಗೆ ದೊಡ್ಡ ಸ್ಟೇಡಿಯಂ ಕಟ್ಟಿ ಆಮೇಲೆ ಬೀಗ ಹಾಕುತ್ತಾರೆ, ಅಲ್ವಾ? ಇಷ್ಟು ಖರ್ಚು ಬೇಕಿತ್ತಾ ಅಂತ ಅಲ್ಲಿನವರೂ ಜೋರಾಗಿಯೇ ವಾದ ಮಾಡಿದ್ದರು. ಇದೇ ಊರು 2024ರ ಒಲಿಂಪಿಕ್ಸ್‌ಗೆ ಹಾಕಿದ್ದ ಅರ್ಜಿಯನ್ನು 2017ರಲ್ಲಿ ಜನರ ವಿರೋಧ ನೋಡಿ ವಾಪಸ್ ತೆಗೆದುಕೊಂಡಿತ್ತು. ಅಂಥ ಊರು ಕಟ್ಟಿದ ಸ್ಟೇಡಿಯಂ ಅದು. ಒಳಗೆ ಕೂತಾಗ ದೊಡ್ಡದು ಅನ್ನಿಸುವುದಿಲ್ಲ, ಓಟಗಾರರು ಹತ್ತಿರದಲ್ಲೇ ಇದ್ದಾರೆ ಅನ್ನಿಸುತ್ತದೆ. ಅಥ್ಲೆಟಿಕ್ಸ್‌ಗೆ ಬೇಕಾಗಿರುವುದೇ ಅದು.

ಈಗ ಮೊದಲು ಕೇಳಿದ ಪ್ರಶ್ನೆ. ರಾತ್ರಿ ಹತ್ತರ ಹೊತ್ತಿಗೆ ಅಷ್ಟು ಜನ ಒಟ್ಟಿಗೆ ಹೊರಗೆ ಬಂದರೂ ಯಾರೂ ದಿಕ್ಕು ತೋಚದೆ ನಿಲ್ಲಲಿಲ್ಲ. ನದಿ ದಂಡೆಗುಂಟ ಹೋಗುವ 2ನೇ ನಂಬರಿನ ಟ್ರಾಮ್ ಇದೆ. ಸೇತುವೆ ದಾಟಿ ಬುಡಾ ಕಡೆಗೆ ಹೋಗುವ 1ನೇ ನಂಬರಿನ ಟ್ರಾಮ್ ಇದೆ. ಚೆಪೆಲ್ ಕಡೆಗೆ ಹೋಗುವ ಲೋಕಲ್ ರೈಲಿದೆ. ಯಾವುದೂ ಬೇಡ ಅಂದರೆ ನದಿ ಪಕ್ಕದಲ್ಲೇ ಉತ್ತರಕ್ಕೆ ನಡೆದುಕೊಂಡು ಹೋಗಬಹುದು. ನಾನು ಜಾಸ್ತಿ ಹತ್ತಿದ್ದು 2ನೇ ನಂಬರೇ. ಹಳದಿ ಬಣ್ಣದ ಹಳೇ ಗಾಡಿ, ಕಿಟಕಿಯೆಲ್ಲ ತೆಗೆದಿರುತ್ತದೆ. ಒಂದು ಬಾಗಿಲಲ್ಲಿ ಜಮೈಕಾ ಬಾವುಟ ಹೊದ್ದವರು, ಇನ್ನೊಂದರಲ್ಲಿ ಕಿತ್ತಳೆ ಅಂಗಿಯ ಡಚ್ಚರು, ಮಧ್ಯದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟ ಅಲ್ಲಿನ ಹೆಂಗಸೊಬ್ಬರು ತರಕಾರಿ ಚೀಲ ಹಿಡಿದು ನಿಂತಿರುತ್ತಾರೆ. ಹಾಗೇ ಸ್ವಲ್ಪ ದೂರ ಹೋದರೆ ಎಡಗಡೆ ನದಿಯಾಚೆ ದೀಪ ಹಾಕಿದ ಅರಮನೆ ಕಾಣುತ್ತದೆ. ಇದಕ್ಕೆ ಬೇರೆ ಟಿಕೆಟ್ ಇಲ್ಲ, ಊರಿನ ಮಾಮೂಲಿ ಪಾಸ್ ಇದ್ದರೆ ಸಾಕು. ಆದರೆ ಸಿಂಗಲ್ ಟಿಕೆಟ್ ತೆಗೆದುಕೊಂಡರೆ ಅದನ್ನು ಮಷೀನಿಗೆ ಹಾಕಿ ಮುದ್ರೆ ಹೊಡೆಸಲೇಬೇಕು, ಮರೆತರೆ ದಂಡ ಬೀಳುತ್ತದೆ, ಗೊತ್ತಿರಲಿಲ್ಲ ಅಂದರೆ ಬಿಡುವುದಿಲ್ಲ. ಸುಮ್ನೆ ತಲೆನೋವು ಯಾಕೆ, ಪಾಸ್ ಮಾಡಿಸಿಕೊಂಡುಬಿಡಿ.

ಸೀಟಿನ ವಿಷಯ. ಟಿಕೆಟ್ ತೆಗೆಯುವಾಗ ಎಲ್ಲರೂ ಫಿನಿಷ್ ಲೈನ್ ಹತ್ತಿರದ ಸೀಟಿಗೇ ಮುಗಿಬೀಳುತ್ತಾರೆ, ಬೆಲೆಯೂ ಅಲ್ಲೇ ಜಾಸ್ತಿ. ನೂರು ಮೀಟರ್ ಓಟ ಒಂದಕ್ಕೇ ಹೋಗುವವರಿಗೆ ಅದು ಸರಿ. ಹತ್ತು ಸೆಕೆಂಡ್‌ನಲ್ಲಿ ಮುಗಿಯುವ ಓಟದ ಕೊನೆಯ ಇಪ್ಪತ್ತು ಮೀಟರ್ ಎದುರಿಗೇ ಕಾಣಬೇಕು, ನಿಜ. ಆದರೆ ಉಳಿದವರು ತಿರುವಿನ ಸೀಟುಗಳನ್ನು ನೋಡಿ. ಅಲ್ಲಿ ಬೆಲೆ ಕಡಿಮೆ. ಇನ್ನೂರು ಮೀಟರ್ ಓಟದವರು ಮೈ ವಾಲಿಸಿ ತಿರುವು ತೆಗೆದುಕೊಳ್ಳುವುದು ಅಲ್ಲಿಂದ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಇನ್ನೊಂದು ಮಾತು, ಅಥ್ಲೆಟಿಕ್ಸ್‌ನಲ್ಲಿ ಒಂದೇ ಹೊತ್ತಿಗೆ ಮೂರು ಕಡೆ ಸ್ಪರ್ಧೆ ನಡೆಯುತ್ತಿರುತ್ತದೆ. ಟಿವಿಯವರು ತಮಗೆ ಬೇಕಾದ್ದನ್ನು ತೋರಿಸುತ್ತಾರೆ. ಸ್ಟೇಡಿಯಂನಲ್ಲಿ ಆಯ್ಕೆ ನಮ್ಮದು. ಹಾಗಾಗಿ ಎಸೆತ, ಜಿಗಿತದಂಥ ಯಾವ ಫೀಲ್ಡ್ ಸ್ಪರ್ಧೆಗೆ ಹೋಗುತ್ತಿದ್ದೀರೋ ಅದು ಮೈದಾನದ ಯಾವ ತುದಿಯಲ್ಲಿ ಅಂತ ಮೊದಲು ತಿಳಿದುಕೊಂಡು ಆಮೇಲೆ ಸೀಟು ಹಿಡಿಯಿರಿ.

ಬೆಳಗಿನ ಅವಧಿ ಬೇರೆ, ಸಂಜೆಯದು ಬೇರೆ. ಬೆಳಗಿನದು ಅರ್ಹತಾ ಸುತ್ತು, ಟಿಕೆಟ್ ಅಗ್ಗ, ಜನವೂ ಕಡಿಮೆ. ಅದನ್ನು ಯಾರೂ ಬಿಡಬೇಡಿ. ಆಗಸ್ಟ್ 25ರ ಬೆಳಿಗ್ಗೆ ನೀರಜ್ ಚೋಪ್ರಾ ಬಂದು ಜಾವೆಲಿನ್‌ನ ಮೊದಲ ಎಸೆತದಲ್ಲೇ 88.77 ಮೀಟರ್ ಎಸೆದರು. ಫೈನಲ್‌ಗೆ ಬೇಕಿದ್ದದ್ದು 83 ಮೀಟರ್. ಅಷ್ಟೇ, ಅವರ ಕೆಲಸ ಮುಗಿಯಿತು. ಕಾಫಿ ತರಲು ಹೋದವರಿಗೆ ಆ ಎಸೆತ ಸಿಗಲಿಲ್ಲ. ಅರ್ಹತಾ ಸುತ್ತಿಗೆ ಹೋಗುವುದಾದರೆ ಶುರುವಾಗುವ ಮುಂಚೆಯೇ ಸೀಟಿನಲ್ಲಿರಿ.

27ರ ರಾತ್ರಿಯ ಬಗ್ಗೆ ಜಾಸ್ತಿ ಬರೆಯದೆ ಇರೋಕಾಗಲ್ಲ. ಒಂದೇ ಸಂಜೆಯಲ್ಲಿ ಜಾವೆಲಿನ್ ಫೈನಲ್, ಹೆಂಗಸರ ಹೈಜಂಪ್, ಗಂಡಸರ 5000 ಮೀಟರ್, ಹೆಂಗಸರ 800, ಸ್ಟೀಪಲ್‌ಚೇಸ್ (ಅಡೆತಡೆ, ನೀರಿನ ಗುಂಡಿ ದಾಟಿ ಓಡುವುದು), ಎರಡು ರಿಲೇ. ಕಣ್ಣು ಸಾಲುವುದಿಲ್ಲ. ನೀರಜ್ ಅವರ ಮೊದಲ ಎಸೆತ ಫೌಲ್. ಭಾರತದವರು ಕೂತಿದ್ದ ಕಡೆಯೆಲ್ಲ ತಣ್ಣಗಾಯಿತು. ಎರಡನೆಯದು 88.17. ಕೈಯಿಂದ ಬಿಡುವಾಗಲೇ ಗೊತ್ತಾಗಿಬಿಡುತ್ತದೆ, ಭರ್ಜಿ ಒಂಚೂರೂ ಅಲುಗಾಡದೆ ನೇರ ಹೋಗುತ್ತದೆ, ದೀಪದ ಬೆಳಕಲ್ಲಿ ಒಂದು ಕ್ಷಣ ಕಾಣದೆ ಮತ್ತೆ ಹುಲ್ಲಿನ ಹತ್ತಿರ ಕಾಣಿಸಿಕೊಳ್ಳುತ್ತದೆ. ಟಿವಿ ಕ್ಯಾಮೆರಾ ಅದರ ಹಿಂದೆಯೇ ಓಡುವುದರಿಂದ ಆ ದೂರ ಎಷ್ಟು ಅಂತ ಮನೆಯಲ್ಲಿ ಕೂತವರಿಗೆ ಅಂದಾಜಾಗುವುದೇ ಇಲ್ಲ. ಪಾಕಿಸ್ತಾನದ ಅರ್ಷದ್ ನದೀಮ್ 87.82 ಎಸೆದಾಗ ಎದೆ ಡವಗುಟ್ಟಿದ್ದು ನಿಜ. ಕೊನೆಗೆ ನೀರಜ್‌ಗೆ ಚಿನ್ನ, ನದೀಮ್‌ಗೆ ಬೆಳ್ಳಿ, ಜೆಕ್ ದೇಶದ ಯಾಕುಬ್ ವಾಡ್ಲೆಕ್‌ಗೆ 86.67 ಮೀಟರ್‌ಗೆ ಕಂಚು. ನಮ್ಮ ದೇಶದ ಕಿಶೋರ್ ಜೇನಾ ಐದನೆಯವರು, ನಮ್ಮ ಹಾಸನ ಜಿಲ್ಲೆಯ ಡಿ.ಪಿ. ಮನು ಆರನೆಯವರು. ವಿಶ್ವ ಕೂಟದ ಜಾವೆಲಿನ್‌ನಲ್ಲಿ ಮೊದಲ ಆರರೊಳಗೆ ಮೂವರು ಭಾರತದವರು! ಮುಗಿದ ಮೇಲೆ ನೀರಜ್ ತಾವೇ ನದೀಮ್‌ರನ್ನು ಕರೆದು ಪಕ್ಕ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು. ಅಲ್ಲಿನ ಅಭಿಮಾನಿಯೊಬ್ಬರು ತ್ರಿವರ್ಣ ಧ್ವಜದ ಮೇಲೆ ಸಹಿ ಕೇಳಿದಾಗ ಧ್ವಜದ ಮೇಲೆ ಹಾಕಲ್ಲ ಅಂತ ಹೇಳಿ ಅವರ ಟೀ ಶರ್ಟ್ ತೋಳಿನ ಮೇಲೆ ಹಾಕಿಕೊಟ್ಟರು.

ಅದೇ ರಾತ್ರಿ ನಮ್ಮ ಪಾರುಲ್ ಚೌಧರಿ ಸ್ಟೀಪಲ್‌ಚೇಸ್‌ನಲ್ಲಿ 9:15.31ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಹನ್ನೊಂದನೇ ಸ್ಥಾನ ಬಂದದ್ದರಿಂದ ಹೆಚ್ಚಿನವರ ಗಮನಕ್ಕೇ ಬರಲಿಲ್ಲ, ಬೇಜಾರಾಯಿತು. ನಮ್ಮ ಗಂಡಸರ 4x400 ರಿಲೇ ತಂಡ ಹಿಂದಿನ ದಿನ ಹೀಟ್ಸ್‌ನಲ್ಲಿ, ಅಂದರೆ ಅರ್ಹತಾ ಓಟದಲ್ಲಿ, ಅಮೆರಿಕದ ಬೆನ್ನಿಗೇ ಬಂದು 2:59.05ಕ್ಕೆ ಏಷ್ಯಾ ದಾಖಲೆ ಮಾಡಿತ್ತು, ಫೈನಲ್‌ನಲ್ಲಿ ಐದನೆಯದಾಯಿತು. ಮತ್ತೆ ಹೆಂಗಸರ ರಿಲೇ. ಮೊದಲ ದಿನ ಮಿಶ್ರ ರಿಲೇಯಲ್ಲಿ ಗೆರೆ ಇನ್ನೇನು ಸಿಕ್ಕಿತು ಅನ್ನುವಾಗ ಬಿದ್ದಿದ್ದ ನೆದರ್ಲೆಂಡ್ಸ್‌ನ ಫೆಮ್ಕೆ ಬೋಲ್, ಈ ಕೊನೆಯ ರಾತ್ರಿ ಮೂರನೇ ಸ್ಥಾನದಿಂದ ಹಿಂದಟ್ಟಿ ಬಂದು ಕೊನೆಯ ಹೆಜ್ಜೆಗಳಲ್ಲಿ ಜಮೈಕಾವನ್ನು ಹಿಡಿದರು. 3:20.72 ಮತ್ತು 3:20.88, ಅಂತರ ಅಷ್ಟೇ. ಹಂಗೇರಿಯ ಜನ ಯಾರಿಗಾದರೂ ಕೂಗುತ್ತಾರೆ, ತಮ್ಮ ದೇಶದವರೇ ಆಗಬೇಕು ಅಂತ ಇಲ್ಲ. ಅವರದೇ ಬೆಂಟ್ಸೆ ಹಲಾಸ್ ಹ್ಯಾಮರ್ ಎಸೆತದಲ್ಲಿ ಕಂಚು ಗೆದ್ದ ದಿನವಂತೂ ಕಿವಿ ಮುಚ್ಚಿಕೊಳ್ಳಬೇಕಾಯಿತು. ಒಳ್ಳೆಯ ಪ್ರೇಕ್ಷಕರಿಗೆ ಅಂತಲೇ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ.

ದುಡ್ಡಿಲ್ಲದೆ ನೋಡುವಂಥದ್ದೂ ಇತ್ತು. ಮ್ಯಾರಥಾನ್ ಮತ್ತು ನಡಿಗೆ ಸ್ಪರ್ಧೆಗಳು ಸ್ಟೇಡಿಯಂನಲ್ಲಿ ಅಲ್ಲ, ಹೀರೋಸ್ ಸ್ಕ್ವೇರ್‌ನಲ್ಲಿ. ರಸ್ತೆ ಬದಿ ನಿಂತು ನೋಡಬಹುದು. ನಡಿಗೆಯವರು ಒಂದು ಕಿಲೋಮೀಟರ್ ಸುತ್ತನ್ನೇ ಮತ್ತೆ ಮತ್ತೆ ಹಾಕುವುದರಿಂದ ಕೈಗೆಟುಕುವ ದೂರದಲ್ಲಿ ಹತ್ತಾರು ಸಲ ಹಾದು ಹೋಗುತ್ತಾರೆ, ಅವರ ಉಸಿರು ಕೇಳಿಸುತ್ತದೆ, ಪಾದ ನೆಲ ಬಿಡದ ಹಾಗೆ ಎಷ್ಟು ವೇಗ ಹೋಗುತ್ತಾರೆ ಅನ್ನುವುದು ಎದುರಿಗೆ ನಿಂತರೆ ಮಾತ್ರ ಗೊತ್ತಾಗುತ್ತದೆ. ಸ್ಪೇನ್‌ನ ಆಲ್ವಾರೊ ಮಾರ್ಟಿನ್ ಮತ್ತು ಮರಿಯಾ ಪೆರೆಸ್ ಇಬ್ಬರೂ 20 ಮತ್ತು 35 ಕಿಲೋಮೀಟರ್ ಎರಡನ್ನೂ ಗೆದ್ದರು. ಹೀರೋಸ್ ಸ್ಕ್ವೇರ್‌ಗೆ ಹೋಗುವುದು 1896ರಲ್ಲಿ ಶುರುವಾದ 1ನೇ ಮೆಟ್ರೋದಲ್ಲಿ. ಪುಟ್ಟ ಪುಟ್ಟ ನಿಲ್ದಾಣ, ನಾಲ್ಕು ಮೆಟ್ಟಿಲಿಳಿದರೆ ರೈಲು. ಹಿಂದೆ ದೊಡ್ಡ ಪಾರ್ಕಿನಲ್ಲಿ ಸೆಚೆನ್ಯಿ ಬಿಸಿನೀರಿನ ಸ್ನಾನಗೃಹ ಇದೆ. ಬೆಳಗ್ಗೆ ಸ್ಪರ್ಧೆ ನೋಡಿ, ಮಧ್ಯಾಹ್ನ ಅಲ್ಲಿ ನೀರಲ್ಲಿ ಬಿದ್ದಿದ್ದು, ಸಂಜೆ ಸ್ಟೇಡಿಯಂಗೆ ಹೋಗುವುದು ಒಳ್ಳೆಯ ಲೆಕ್ಕ.

ಅರ್ಧ ಅಂಕ ಕಳೆದದ್ದು ಯಾಕೆ? ಮೊದಲನೆಯದು ಹವೆ. ಆಗಸ್ಟ್ ಕೊನೆಯ ಬಿಸಿಲು ಅಲ್ಲಿ ಸಿಕ್ಕಾಪಟ್ಟೆ. ಬೆಳಗಿನ ಅವಧಿಯಲ್ಲಿ ಬಿಸಿಲಿಗೆ ಸಿಕ್ಕುವ ಸೀಟಾದರೆ ಟೋಪಿ ಬೇಕೇ ಬೇಕು. ಹಾಗಂತ ಬಿಸಿಲನ್ನೇ ನಂಬುವ ಹಾಗೂ ಇಲ್ಲ, ಮೊದಲ ದಿನ ಬೆಳಿಗ್ಗೆ ಗುಡುಗು ಮಳೆಗೆ ಗಂಡಸರ 20 ಕಿಲೋಮೀಟರ್ ನಡಿಗೆಯೇ ಎರಡು ಗಂಟೆ ತಡವಾಯಿತು. ಸೆಪ್ಟೆಂಬರ್ ಕೂಟಕ್ಕೆ ಈ ತೊಂದರೆ ಕಡಿಮೆ ಇರಬಹುದು. ಎರಡನೆಯದು ರೂಮು. ನಾನು ಇಳಿದ ಜಾಗದಲ್ಲಿ ಎಸಿ ಇದೆ ಅಂತ ಬರೆದಿದ್ದರು, ಹೋಗಿ ನೋಡಿದರೆ ಮೇಜಿನ ಮೇಲಿಡುವ ಒಂದು ಫ್ಯಾನು. ಕೇಳಿದ್ದಕ್ಕೆ ಸರಿಯಾದ ಉತ್ತರವೂ ಕೊಡಲಿಲ್ಲ. ಬುಕ್ ಮಾಡುವ ಮುಂಚೆ ಮೆಸೇಜ್ ಮಾಡಿ ಕೇಳಿ, ಉತ್ತರ ಬರವಣಿಗೆಯಲ್ಲೇ ಇರಲಿ. ಮೂರನೆಯದು ಸಸ್ಯಾಹಾರಿಗಳ ಪಾಡು. ಸ್ಪರ್ಧೆ ನಡೆಯುವ ಕಡೆ ಸಿಗುವುದು ಹೆಚ್ಚಾಗಿ ಸಾಸೇಜ್, ಬರ್ಗರ್ ಥರದ್ದು. ಅದಕ್ಕೇ ಹೋಗುವ ಮುಂಚೆ ಊರಲ್ಲೇ ತಿಂದುಕೊಂಡು ಹೋಗುತ್ತಿದ್ದೆ. ಲಾಂಗೋಶ್ ಅಂತ ಒಂದಿದೆ, ನಮ್ಮ ಭಟೂರೆಯನ್ನೇ ದಪ್ಪಕ್ಕೆ ತಟ್ಟಿ ಕರಿದ ಹಾಗಿರುತ್ತದೆ, ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕೆನೆ ಹಚ್ಚಿ, ಚೀಸ್ ತುರಿದು ಹಾಕುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ರಬ್ಬರ್. ಒಂದು ತಿಂದರೆ ಕೊನೆಯ ಓಟದವರೆಗೆ ಹಸಿವಾಗಲ್ಲ. ಫೆಜೆಲೆಕ್ ಅನ್ನುವ ಗಟ್ಟಿ ತರಕಾರಿ ಪಲ್ಯ ಕೂಡ ಚೆನ್ನಾಗಿರುತ್ತದೆ, ಆದರೆ ಮೇಲೆ ಮಾಂಸ ಇಟ್ಟು ಕೊಡುವುದು ರೂಢಿ. "ಹೂಶ್ ನೇಲ್ಕುಲ್" ಅಂದರೆ ಮಾಂಸ ಇಲ್ಲದೆ ಅಂತ, ಇಷ್ಟು ಕಲಿತುಕೊಂಡು ಹೋಗಿ. ಹುಳಿ ಚೆರಿ ಹಾಕಿದ ತಣ್ಣನೆ ಸೂಪ್ ಸಿಕ್ಕರೆ ಬಿಡಬೇಡಿ.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. ಹಂಗೇರಿ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಫೋರಿಂಟ್. ಆಗ ಒಂದು ಯುರೋಗೆ ಸುಮಾರು 380 ಫೋರಿಂಟ್ ಇತ್ತು, 100 ಫೋರಿಂಟ್ ಅಂದರೆ ನಮ್ಮ 23-24 ರೂಪಾಯಿ. ಕಾರ್ಡ್ ಮಷೀನ್ ಯುರೋದಲ್ಲಿ ಕಟ್ಟುತ್ತೀರಾ ಫೋರಿಂಟ್‌ನಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಫೋರಿಂಟ್ ಒತ್ತಿ, ಇಲ್ಲದಿದ್ದರೆ ಜಾಸ್ತಿ ಕಳೆದುಕೊಳ್ಳುತ್ತೀರಿ. ಏರ್‌ಪೋರ್ಟ್‌ನಿಂದ ಊರ ಮಧ್ಯಕ್ಕೆ 100ಇ ಬಸ್ ಬರುತ್ತದೆ, ಅದಕ್ಕೆ ಮಾಮೂಲಿ ಟಿಕೆಟ್ ನಡೆಯುವುದಿಲ್ಲ, ಬೇರೆಯದೇ ತೆಗೆಯಬೇಕು. ನಮ್ಮ ಕಡೆಯಿಂದ ಹೋಗುವವರಿಗೆ ದುಬೈ ಅಥವಾ ದೋಹಾ ಮೂಲಕ ವಿಮಾನ ಇದೆ. ಷೆಂಗೆನ್ ವೀಸಾ ಬೇಕು, ಅದಕ್ಕೆ ತಡ ಮಾಡಬೇಡಿ.

2026ರ ಕೂಟದ ಸ್ವರೂಪ ಬೇರೆ. ಒಂಬತ್ತು ದಿನದ ಬದಲು ಮೂರೇ ದಿನ. ಒಟ್ಟು ಬಹುಮಾನ ಒಂದು ಕೋಟಿ ಡಾಲರ್, ಗೆದ್ದವರಿಗೆ ತಲಾ 1,50,000 ಡಾಲರ್. ಮ್ಯಾರಥಾನ್ ಇಲ್ಲ, ನಡಿಗೆ ಇಲ್ಲ, ಡೆಕಾಥ್ಲಾನ್ ಇಲ್ಲ. ಹಾಗಾಗಿ ಹೀರೋಸ್ ಸ್ಕ್ವೇರ್‌ನ ಬೆಳಗಿನ ಸಂಭ್ರಮ ಈ ಸಲ ಸಿಗುವುದಿಲ್ಲ. ನಿಮಗೆ ಇಷ್ಟವಾದ ಸ್ಪರ್ಧೆ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಯಾವ ದಿನ ಇದೆ ಅಂತ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ರೂಮು ಮಾತ್ರ 2ನೇ ಟ್ರಾಮ್ ಹೋಗುವ ದಾರಿಯಲ್ಲೇ ಹುಡುಕಿ. ಊರ ಮಧ್ಯದಲ್ಲಿ ಬೆಲೆ ಜಾಸ್ತಿ ಅನ್ನಿಸಿದರೆ ಸ್ಟೇಡಿಯಂ ಇರುವ ಒಂಬತ್ತನೇ ಜಿಲ್ಲೆ, ಫೆರೆಂಟ್ಸ್‌ವಾರೋಶ್ ಕಡೆ ನೋಡಿ, ಅಲ್ಲಿಂದ ನಡೆದೇ ಹೋಗಬಹುದು.