ಹಂಚಿನ ಕಾರ್ಖಾನೆಯ ಪ್ರಾಜೆಕ್ಟ್: ಯಾವ ಮೂಲ ಮಕ್ಕಳ ಕೈಹಿಡಿಯಿತು?

ಈ ಸಲ ಒಂಬತ್ತನೇ ಕ್ಲಾಸಿನ ಇತಿಹಾಸ ಪ್ರಾಜೆಕ್ಟಿಗೆ ಮಂಗಳೂರು ಹಂಚನ್ನೇ ಆರಿಸಿದೆವು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇಲ್ಲಿನವರಿಗೆ ಗೊತ್ತಿರುವ ಸಂಗತಿ. ಅದರಾಚೆಗೆ ಏನು ಸಿಗುತ್ತದೆ ಅಂತ ಮಕ್ಕಳ ಜೊತೆ ಕೂತು ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮೊದಲು ಎಲ್ಲರ ಕೈ ಹೋಗುವುದು ಮೊಬೈಲಿಗೆ. ವಿಕಿಪೀಡಿಯದಲ್ಲಿ ಇಸವಿ, ಹೆಸರು ಬೇಗ ಸಿಗುತ್ತವೆ. ಆದರೆ ಅಲ್ಲಿಂದ ನಕಲು ಮಾಡುವುದಕ್ಕಿಂತ ಪುಟದ ಕೆಳಗಿರುವ ಪುಸ್ತಕಗಳ ಪಟ್ಟಿಯನ್ನು ನೋಡುವುದೇ ಲಾಭ. ಎಐ ಆ್ಯಪ್‌ಗೆ ಪುಸ್ತಕಗಳ ಹೆಸರು ಕೇಳಿದರೆ ಪಟಪಟ ಅಂತ ಕೊಟ್ಟಿತು. ಅದರಲ್ಲಿ ಕೆಲವು ಪುಸ್ತಕಗಳು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಹುಡುಕಲು ಯಾವ ಪದ ಹಾಕಬೇಕು ಅಂತ ಕೇಳಲು ಅದು ಸಾಕು, ಆಧಾರಕ್ಕೆ ಬೇಡ.

ಆನ್‌ಲೈನ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೇ ಪುಸ್ತಕಗಳು ಇದಕ್ಕಿಂತ ಎಷ್ಟೋ ಗಟ್ಟಿ. ಸ್ಟರಕ್ ಬರೆದ, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ವಿವರ ಕೊಡುವ ಸೌತ್ ಕೆನರಾ ಮ್ಯಾನ್ಯುಯಲ್‌ನ ಮೊದಲ ಸಂಪುಟ 1894ರದ್ದು. ಇಂಗ್ಲಿಷ್ ಪುಸ್ತಕ, ದಪ್ಪ ಬೇರೆ. ನೋಡಿದ ಕೂಡಲೇ ಮಕ್ಕಳು ಹೆದರಿದರು. ಪೂರ್ತಿ ಓದುವುದು ಬೇಡ, ಪರಿವಿಡಿ ನೋಡಿ ಬೇಕಾದ ಎರಡು ಪುಟ ಓದಿ ಅಂದೆ. ಹುಡುಕುವಾಗ ಒಂದು ಎಚ್ಚರ: ಹಳೇ ದಾಖಲೆಗಳಲ್ಲಿ 'ಕೆನರಾ' ಒಮ್ಮೆ ಇಂಗ್ಲಿಷಿನ ಸಿ ಅಕ್ಷರದಲ್ಲಿ, ಒಮ್ಮೆ ಕೆ ಅಕ್ಷರದಲ್ಲಿ ಇರುತ್ತದೆ. ಎರಡನ್ನೂ ಹಾಕಿ ನೋಡಬೇಕು. ಈ ಮ್ಯಾನ್ಯುಯಲ್ ಬ್ರಿಟಿಷ್ ಸರ್ಕಾರದ ಅಧಿಕಾರಿ ಆಡಳಿತಕ್ಕೆಂದು ಬರೆದದ್ದು. ಮಣ್ಣು ಹೊತ್ತ ಹೆಂಗಸಿನ ಮಾತು ಅದರಲ್ಲಿ ಸಿಗುವುದಿಲ್ಲ.

ಆ ಮಾತು ಸಿಕ್ಕಿದ್ದು ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯಿಂದ. ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ತುಳುವಿನಲ್ಲೇ ಮಾತಾಡಿದರು, ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕನ್ನಡದಲ್ಲಿ ಬರೆದಳು. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟಣ್ ಅಂದರೆ ಒಳ್ಳೆಯದು, ಬೊದ್ ಅಂದರೆ ಒಡಕು ಅಂತ ತೋರಿಸಿಕೊಟ್ಟರು. ಮಕ್ಕಳೆಲ್ಲ ಸಾಲಾಗಿ ತಟ್ಟಿ ನೋಡಿದ್ದೇ ನೋಡಿದ್ದು!

ಯಾವ ವರ್ಷ ಕೆಲಸಕ್ಕೆ ಸೇರಿದಿರಿ ಅಂತ ಕೇಳಿದರೆ ಅಜ್ಜಿಗೆ ನೆನಪಿಲ್ಲ. "ಡಿಕ್ಲರೇಶನ್ ಕೊಟ್ಟು ಎರಡು ವರ್ಷ ಆಗಿತ್ತು" ಅಂದರು. ಡಿಕ್ಲರೇಶನ್ ಅಂದರೆ ಉಳುವ ಭೂಮಿ ತಮಗೆ ಸಿಗಲಿ ಅಂತ ಗೇಣಿದಾರರು ಕೊಟ್ಟ ಅರ್ಜಿ. ಗೇಣಿದಾರರಿಗೆ ಭೂಮಿ ಕೊಡುವ ಕಾನೂನಿನ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ. ಹಾಗಾಗಿ 1976ರ ಆಸುಪಾಸು ಅಂತ ಮಕ್ಕಳೇ ಲೆಕ್ಕ ಹಾಕಿದರು. ಹಿರಿಯರ ಹತ್ತಿರ ಇಸವಿ ಕೇಳಬಾರದು, ಆಗ ಊರಲ್ಲಿ ಏನು ನಡೆದಿತ್ತು ಅಂತ ಕೇಳಬೇಕು.

ಹಂಚು ಕೂಡ ದಾಖಲೆಯೇ ಅಲ್ವಾ? ಅದರ ಮೈಮೇಲೆ ಕಂಪನಿ, ಊರಿನ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಹಂಚಿನಲ್ಲಿ 1865 ಅಂತ ಇರುವುದನ್ನು ನೋಡಿ ಒಬ್ಬ ಹುಡುಗ, ಈ ಹಂಚು 1865ರದ್ದು ಅಂತ ಬರೆದ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಪಾಠದಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಆ ಒಂದು ಹಂಚಿನಿಂದ ಹೋಯಿತು.

ಬಾಸೆಲ್ ನಗರದಲ್ಲಿರುವ ಮಿಷನ್ ಸಂಗ್ರಹದ ಹಳೇ ಫೋಟೋಗಳು ಆನ್‌ಲೈನ್‌ನಲ್ಲಿವೆ. ಚಂದ ಇವೆ. ಆದರೆ ಎಷ್ಟೋ ಫೋಟೋಗಳಿಗೆ ತೆಗೆದ ವರ್ಷ ನಿಖರವಾಗಿಲ್ಲ, ಇಂಥ ವರ್ಷದಿಂದ ಇಂಥ ವರ್ಷದೊಳಗೆ ಅಂತಷ್ಟೇ ಇದೆ. ಅದನ್ನು ಇದ್ದ ಹಾಗೇ ಬರೆಯಬೇಕು.

ಒಂದೇ ಭಾನುವಾರ ಬಿಡುವಿದ್ದರೆ ಬೆಳಿಗ್ಗೆ ಹಿರಿಯರ ಮನೆಗೆ ಹೋಗಿ, ಸಂಜೆ ಹಳೇ ಪುಸ್ತಕ ತೆರೆಯಿರಿ ಅಂತೇನೆ. ಅಜ್ಜಿಯ ಮಾತು ಕೇಳಿ ಬಂದವರಿಗೆ ಪುಸ್ತಕದಲ್ಲಿ ಏನು ಹುಡುಕಬೇಕು ಅನ್ನುವುದು ಗೊತ್ತಿರುತ್ತದೆ. ಮೊಬೈಲ್ ಆಮೇಲೆ. ಇನ್ನೂ ಸಮಯ ಇರುವವರು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ಹಳೇ ಪುಸ್ತಕ, ಕಾಗದಪತ್ರ ನೋಡಲು ಅನುಮತಿ ಕೇಳಬಹುದು. ಶಾಲೆಯ ಪತ್ರ ಜೊತೆಗಿರಲಿ. "ಹಂಚಿನ ಬಗ್ಗೆ ಏನಾದ್ರೂ ಕೊಡಿ" ಅನ್ನದೆ, "ಕೆಲಸದವರ ಕೂಲಿಯ ಲೆಕ್ಕ ಇದೆಯಾ" ಅಂತ ನೇರವಾಗಿ ಕೇಳಿ.