ವಿಂಡೋಸ್ ಆವೃತ್ತಿ ಪತ್ತೆ: ಯಾವ ದಾರಿ ನಂಬಬಹುದು?

ನನ್ನ ಓಟು ಆರ್‌ಟಿಎಲ್‌ಗೆಟ್‌ವರ್ಷನ್‌ಗೆ, ಅಂದರೆ ಆವೃತ್ತಿ ಸಂಖ್ಯೆ ಹೇಳುವ ವಿಂಡೋಸ್‌ನದೇ ಒಂದು ಫಂಕ್ಷನ್‌ಗೆ. ಶಿರಸಿಯ ಅಡಿಕೆ ಮಂಡಿಗಳಿಗೆ ಕೊಡುವ ಬಿಲ್ಲಿಂಗ್ ಪ್ರೋಗ್ರಾಮಿನ ಸೆಟಪ್ ಫೈಲು ಒಂದೇ. ತಕ್ಕಡಿ ಪಕ್ಕದ ಹಳೆಯ ವಿಂಡೋಸ್ 7ರಲ್ಲೂ ಅದೇ, ಆಫೀಸಿನ 11ರಲ್ಲೂ ಅದೇ. ಆವೃತ್ತಿ ನೋಡಿ ಯಾವ ಪ್ರಿಂಟರ್ ಡ್ರೈವರ್ ಹಾಕಬೇಕೆಂದು ಸೆಟಪ್ಪೇ ತೀರ್ಮಾನಿಸಬೇಕು.

ಎಲ್ಲರೂ ಮೊದಲು ಕೈಹಾಕುವ ಗೆಟ್‌ವರ್ಷನ್‌ಇಎಕ್ಸ್ ಫಂಕ್ಷನ್ ವಿಂಡೋಸ್ 8.1ರಿಂದ ಈಚೆಗೆ ನಿಜ ಹೇಳುವುದಿಲ್ಲ. ಮ್ಯಾನಿಫೆಸ್ಟ್‌ನಲ್ಲಿ (ಪ್ರೋಗ್ರಾಮಿನ ಜೊತೆಗಿರುವ ವಿವರಪತ್ರ) ಆ ಆವೃತ್ತಿಯ ಜಿಯುಐಡಿ, ಅಂದರೆ ಗುರುತಿನ ಸಂಕೇತ, ಇಲ್ಲದಿದ್ದರೆ 11ರಲ್ಲಿ ಕೂತೂ 6.2 ಅನ್ನುತ್ತದೆ, ಅಂದರೆ ವಿಂಡೋಸ್ 8. ಹಳೆಯ ಪ್ರೋಗ್ರಾಮುಗಳು ಹೊಸ ಸಂಖ್ಯೆ ಕಂಡು ಮುನಿಸಿಕೊಳ್ಳಬಾರದೆಂದು ಮೈಕ್ರೋಸಾಫ್ಟ್ ಬೇಕೆಂದೇ ಹೀಗೆ ಮಾಡಿದೆ. ಜಿಯುಐಡಿ ಸೇರಿಸಿದರೆ ಮುಗಿಯಿತಲ್ಲ ಅಂದರೆ, ಇಲ್ಲ. ಲೆಕ್ಕಕ್ಕೆ ಬರುವುದು ಇಎಕ್ಸ್‌ಇಯ (ಓಡಿಸುವ ಮುಖ್ಯ ಫೈಲಿನ) ಮ್ಯಾನಿಫೆಸ್ಟ್ ಮಾತ್ರ. ನಿಮ್ಮದು ಬೇರೆಯವರ ಲೆಕ್ಕಪತ್ರ ಪ್ರೋಗ್ರಾಮಿನೊಳಗೆ ಓಡುವ ಡಿಎಲ್‌ಎಲ್ ಆದರೆ ಉತ್ತರ ಅವರ ಇಎಕ್ಸ್‌ಇಯನ್ನು ನೋಡಿ ಬರುತ್ತದೆ. ನಿಮ್ಮ ಟೆಸ್ಟ್ ಪ್ರೋಗ್ರಾಮಿನಲ್ಲಿ ಸರಿ, ಮಂಡಿಯಲ್ಲಿ ತಪ್ಪು.

ಆರ್‌ಟಿಎಲ್‌ಗೆಟ್‌ವರ್ಷನ್‌ಗೆ ಮ್ಯಾನಿಫೆಸ್ಟಿನ ಹಂಗಿಲ್ಲ. ವಿಂಡೋಸ್‌ನ ಎನ್‌ಟಿಡಿಎಲ್‌ಎಲ್ ಲೈಬ್ರರಿಯಿಂದ ಗೆಟ್‌ಪ್ರೊಕ್‌ಅಡ್ರೆಸ್ ಮೂಲಕ ಅದರ ವಿಳಾಸ ತೆಗೆದುಕೊಂಡು ಕರೆಯಿರಿ. ಉತ್ತರ ಬಂದು ಕೂರುವ ಸ್ಟ್ರಕ್ಚರಿನ ಗಾತ್ರ 284 ಬೈಟ್ ಎಂದು ತುಂಬಿಯೇ ಕರೆಯಬೇಕು, 276 ಕೊಟ್ಟರೆ ಪ್ರಾಡಕ್ಟ್ ಟೈಪ್ (ಸರ್ವರೋ ಅಲ್ಲವೋ ಹೇಳುವ ಸಂಖ್ಯೆ) ಬರುವುದಿಲ್ಲ. ಅದು ಬೇಕೇ ಬೇಕು: ವಿಂಡೋಸ್ 11ರ 24ಎಚ್2 ಮತ್ತು ಸರ್ವರ್ 2025 ಎರಡರದ್ದೂ ಬಿಲ್ಡ್ 26100. ಟೈಪ್ 1 ಇದ್ದರೆ ಸರ್ವರ್ ಅಲ್ಲ. 10 ಮತ್ತು 11 ಎರಡೂ 10.0 ಎಂದೇ ಬರುತ್ತವೆ; ಟೈಪ್ 1 ಆಗಿದ್ದು ಬಿಲ್ಡ್ 22000 ಅಥವಾ ಮೇಲಿದ್ದರೆ 11.

ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಓದುವುದು ಸುಲಭ, ನಂಬುವುದು ಕಷ್ಟ. ಅದರಲ್ಲಿನ ಪ್ರಾಡಕ್ಟ್‌ನೇಮ್ 11ರಲ್ಲೂ ‘ವಿಂಡೋಸ್ 10 ಪ್ರೊ’ ಅನ್ನುತ್ತದೆ, ಕರೆಂಟ್‌ವರ್ಷನ್ ಇನ್ನೂ 6.3ರಲ್ಲೇ ಇದೆ. ಚೀಲದ ಮೇಲೆ ಚಾಲಿ ಅಂತ ಚೀಟಿ, ಒಳಗೆ ಕೆಂಪುಗೋಟು. ಲಾಗ್ ಫೈಲಿಗೆ 22ಎಚ್2 ಎಂದು ಬರೆಯಲು ಡಿಸ್‌ಪ್ಲೇವರ್ಷನ್ ಸಾಕು, ತೀರ್ಮಾನಕ್ಕೆ ಬೇಡ.

ಡಬ್ಲ್ಯುಎಂಐ (ಯಂತ್ರದ ಮಾಹಿತಿ ಕೇಳಲು ವಿಂಡೋಸ್ ಕೊಡುವ ಸೇವೆ) ಸರಿಯಾಗಿಯೇ ಹೇಳುತ್ತದೆ, ಆದರೆ ನಿಧಾನ.

ಸಂಖ್ಯೆ ಸರಿಯಾಗಿ ಸಿಕ್ಕರೂ ಹೋಲಿಸುವಾಗ ಕೆಡಿಸುವವರಿದ್ದಾರೆ. ಚುಕ್ಕೆಯ ಮುಂಚಿನದು ಮೇಜರ್, ನಂತರದ್ದು ಮೈನರ್; ವಿಂಡೋಸ್ 7 ಅಂದರೆ 6.1. ‘ಮೇಜರ್ 6 ಅಥವಾ ಹೆಚ್ಚು, ಮೈನರ್ 1 ಅಥವಾ ಹೆಚ್ಚು’ ಎಂಬ ಷರತ್ತು 10.0ಕ್ಕೆ ಬಿದ್ದುಹೋಗುತ್ತದೆ. ಮೇಜರ್ ಸಮ ಇದ್ದಾಗ ಮಾತ್ರ ಮೈನರ್ ನೋಡಿ. ಪಠ್ಯವಾಗಿ ಹೋಲಿಸಿದರೆ ‘10.0’ ‘6.1’ಕ್ಕಿಂತ ಚಿಕ್ಕದಾಗುತ್ತದೆ.

ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನಲ್ಲಿ 5ನೇ ಆವೃತ್ತಿಯಿಂದ ಎನ್‌ವಿರಾನ್‌ಮೆಂಟ್‌ನ ಓಎಸ್‌ವರ್ಷನ್ ನಿಜವನ್ನೇ ಕೊಡುತ್ತದೆ, ಅದರಲ್ಲೇ ಬರೆಯುವವರಿಗೆ ಈ ತಲೆನೋವಿಲ್ಲ. ಮಂಡಿಯವರು ಸದ್ಯಕ್ಕೆ ಬದಲಿಸದ 2 ಜಿಬಿಯ ಹಳೆಯ ಯಂತ್ರಕ್ಕೆ ಇದೊಂದಕ್ಕಾಗಿ ಇಡೀ ರನ್‌ಟೈಮ್ ಹೊರಿಸಲು ಮಾತ್ರ ನನಗೆ ಮನಸ್ಸಿಲ್ಲ.