ವರ್ಷದ ಜಾಹೀರಾತು ಕರಾರೋ, ಪೇಪರ್ ಒಳಗಿನ ಕರಪತ್ರವೋ?

ಈ ಸೀಸನ್ನಿಗೂ ನನ್ನದು ಕರಪತ್ರವೇ. ಮೊದಲೇ ಹೇಳಿಬಿಡುತ್ತೇನೆ.

ತೀರ್ಥಹಳ್ಳಿಯಲ್ಲಿ ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವ ಅಂಗಡಿ ನನ್ನದು. ಅಡಿಕೆ ಗೊನೆ ಕೊಯ್ಲಿನ ನಾಲ್ಕು ತಿಂಗಳು ಊಟಕ್ಕೂ ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲಿ ಮೋಟಾರ್ ವೈಂಡಿಂಗ್ ಅಷ್ಟೇ.

ಎರಡು ವರ್ಷದ ಹಿಂದೆ, ಆನ್‌ಲೈನ್‌ನಲ್ಲಿ ಅಂಗಡಿಗಳ ಪಟ್ಟಿ ಹಾಕುವ ಕಂಪನಿಯೊಂದರವರು ಬಂದರು. ತಿಂಗಳಿಗೆ 1,500, ಶೇ 18 ಜಿಎಸ್‌ಟಿ ಸೇರಿ 1,770 ರೂಪಾಯಿ. "ಒಂದೇ ವರ್ಷ ಸಾರ್, ಆಮೇಲೆ ಬೇಡ ಅಂದ್ರೆ ಬಿಡಿ" ಅಂದರು. ಗಿರಾಕಿ ಕಾಯುತ್ತಿದ್ದರು, ಒಟಿಪಿ ಹೇಳಿಬಿಟ್ಟೆ. ಫೋನ್ ಬಂದವು, ಇಲ್ಲ ಅನ್ನಲಾರೆ. ಆದರೆ ಜಾಸ್ತಿ ದೂರದ ಊರುಗಳಿಂದ, ಹೊಸ ಯಂತ್ರದ ರೇಟು ಕೇಳಿ.

ಹದಿಮೂರನೇ ತಿಂಗಳೂ ದುಡ್ಡು ಕಟ್ ಆಯಿತು. ಕೇಳಿದರೆ, ಕರಾರು ತಾನಾಗಿಯೇ ಇನ್ನೊಂದು ವರ್ಷಕ್ಕೆ ಮುಂದುವರಿದಿದೆ ಎಂದರು. ಬೇಡವಾಗಿದ್ದರೆ 60 ದಿನ ಮೊದಲೇ ಈಮೇಲ್ ಕಳಿಸಬೇಕಿತ್ತಂತೆ. ಹುಡುಕಿದೆ. ಕರಾರಿನ ಪಿಡಿಎಫ್‌ನ ಏಳನೇ ಪುಟದಲ್ಲಿತ್ತು. ಬ್ಯಾಂಕಿಗೆ ಹೋದರೆ ಹೊಟ್ಟೆ ಉರಿಯುವ ಇನ್ನೊಂದು ಸಂಗತಿ: ನಾನು ಕೊಟ್ಟಿದ್ದ ನ್ಯಾಚ್ ಒಪ್ಪಿಗೆ, ಅಂದರೆ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ದುಡ್ಡು ತೆಗೆಯಲು ಕೊಟ್ಟ ಅನುಮತಿ, 2040ರ ತನಕ ಇತ್ತು. ವರ್ಷದ ಕರಾರಿಗೆ ಅಷ್ಟು ವರ್ಷದ ಒಪ್ಪಿಗೆ ಯಾಕೆ ಬೇಕು?

ಕರಾರು ಬೇರೆ, ಖಾತೆಯಿಂದ ದುಡ್ಡು ತೆಗೆಯುವ ಒಪ್ಪಿಗೆ ಬೇರೆ ಅಂತ ಗೊತ್ತಾಗಿದ್ದು ಆಗಲೇ. ಬ್ಯಾಂಕಿನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಕರಾರು ಮುಗಿಯುವುದಿಲ್ಲ. ಬಾಕಿ ಕಟ್ಟಿ ಅಂತ ನೋಟಿಸ್ ಬರಬಹುದು. ಹಾಗಾಗಿ ಮೊದಲು ಈಮೇಲ್ ಮಾಡಿದೆ, ಅಂಚೆಯಲ್ಲೂ ಪತ್ರ ಕಳಿಸಿ ರಸೀದಿ ಇಟ್ಟುಕೊಂಡೆ. ಆಮೇಲೆ ಬ್ಯಾಂಕಿಗೆ ಅರ್ಜಿ ಕೊಟ್ಟೆ. ಅದಕ್ಕೆ ಯುಎಂಆರ್‌ಎನ್ ಎಂಬ, ಆ ಒಪ್ಪಿಗೆಯನ್ನು ಗುರುತಿಸುವ, ಅಕ್ಷರ ಅಂಕಿ ಸೇರಿ 20 ಇರುವ ನಂಬರ್ ಬೇಕಿತ್ತು. ಇಷ್ಟರಲ್ಲಿ ಎರಡು ತಿಂಗಳ 3,540 ರೂಪಾಯಿ ಹೋಗಿತ್ತು. ಇದೇ ಯುಪಿಐ ಆಟೋಪೇ ಆಗಿದ್ದರೆ ಕಟ್ ಆಗುವ 24 ಗಂಟೆ ಮೊದಲೇ ಮೆಸೇಜ್ ಬರುತ್ತಿತ್ತು. ಫೋನಿನಲ್ಲೇ ನಿಲ್ಲಿಸಬಹುದಿತ್ತು.

ಕೇಬಲ್ ಟಿವಿಯಲ್ಲಿ ಕೆಳಗೆ ಓಡುವ ಸ್ಕ್ರೋಲ್ ಜಾಹೀರಾತನ್ನೂ ಒಂದು ತಿಂಗಳು ಹಾಕಿಸಿ ನೋಡಿದೆ. ತೋಟದ ಮನೆಗಳಲ್ಲಿ ಡಿಶ್ಶೇ ಜಾಸ್ತಿ, ಅಲ್ವಾ? ಉಪಯೋಗ ಆಗಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು ನಾನೇ ಹಾಕಿದ್ದೇನೆ, ಅದಕ್ಕೆ ದುಡ್ಡಿಲ್ಲ.

ಕರಪತ್ರಕ್ಕೆ ಸಾವಿರ ಪ್ರತಿಗೆ ಪ್ರೆಸ್ಸಿನವರು 1,200 ತಗೊಂಡರು, ಪೇಪರ್ ಏಜೆಂಟರು 500. ದೀಪಾವಳಿ ಮುಗಿದ ವಾರ ಒಮ್ಮೆ ಹಾಕಿಸಿದೆ. ಎಳ್ಳಮಾವಾಸ್ಯೆಗೆ ರಾಮೇಶ್ವರನ ಜಾತ್ರೆ ಇರುತ್ತದಲ್ಲ, ಆಗ ಇನ್ನೊಮ್ಮೆ. ಎರಡೂ ಸೇರಿ 3,400. ನಾನು ಸುಮ್ನೆ ಕಳೆದುಕೊಂಡಿದ್ದು ಇದಕ್ಕಿಂತ ಜಾಸ್ತಿ. ಬೇಡವೆಂದರೆ ಮುಂದಿನ ಸಲ ಅಚ್ಚು ಹಾಕಿಸದಿದ್ದರಾಯಿತು, ಯಾರಿಗೂ ಪತ್ರ ಬರೆಯಬೇಕಿಲ್ಲ. ಒಳಗಿನ ಹಳ್ಳಿಗಳಿಗೆ ಪೇಪರ್ ಮಧ್ಯಾಹ್ನದ ಬಸ್ಸಿಗೆ ಬರುತ್ತದೆ, ಅಷ್ಟೇ ಕೊರತೆ.

ಹೋಂಸ್ಟೇ ನಡೆಸುವವರಿಗೆ ಆನ್‌ಲೈನೇ ಬೇಕು, ಅವರ ಗಿರಾಕಿಗಳು ಬೆಂಗಳೂರಿನಲ್ಲಿರುತ್ತಾರೆ. ನನ್ನವರು ಇಲ್ಲೇ ಸುತ್ತಮುತ್ತ. ಹೋದ ಜನವರಿಯಲ್ಲಿ ಆಗುಂಬೆ ಕಡೆಯ ಒಬ್ಬರ ಯಂತ್ರದ ಬೆಲ್ಟ್ ಹರಿಯಿತು. ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿತ್ತು. ನಾನು ಹೋದಾಗ ನೋಡಿದರೆ, ಯಂತ್ರದ ಹಿಂದಿನ ಗೋಡೆಗೆ ನನ್ನ ಕರಪತ್ರವನ್ನು ಅನ್ನದ ಅಗುಳಿನಲ್ಲಿ ಅಂಟಿಸಿದ್ದರು.